ರೈಲು ಹಾಜರಿ ಮತ್ತು ರಾಷ್ಟ್ರಗಳ ಕಾನೂನು

ನಮ್ಮ ಸರ್ ನಿವೃತ್ತರಾಗುತ್ತಿದ್ದಾರೆ. ಅವರಿಗೊಂದು ಅಭಿನಂದನ ಗ್ರಂಥ ತರುತ್ತಾರಂತೆ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೂ ಮೂರು ಪುಟ ಬರೆದುಕೊಡಬೇಕು, ಗುರುಗಳ ಗುಣಗಳನ್ನಷ್ಟೇ ಬರೆಯಬೇಕು ಎಂದು ಸಮಿತಿಯ ಸೂಚನೆ. ನನಗೆ ಫೋನು ಮಾಡಿದವನು ಸಿದ್ದು. ನನ್ನ ಜೊತೆ ಬಿ.ಎ. ಓದಿದವನು, ಈಗ ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತ.

"ಮೇಡಂ, ನೀವು ಬರೀಲೇಬೇಕ್ ನೋಡ್ರಿ. ನಿಮ್ಮ ಮ್ಯಾಲ ಸರ್‌ಗೆ ಭಾಳ ಅಭಿಮಾನ."

"ಖರೇ ಬರೀಲೇನು?"

"ಖರೇ ಯಾಕ ಬೇಕ್ರಿ? ಚಂದ ಬರೀರಿ."

ನಾನು ಖರೇನೇ ಬರೆಯಲು ಕುಳಿತೆ. ಮೊದಲ ಪುಟ ಮುಗಿಯುವ ಹೊತ್ತಿಗೇ ಇದು ಆ ಗ್ರಂಥದಲ್ಲಿ ಹಿಡಿಸುವುದಿಲ್ಲ ಎಂದು ತಿಳಿಯಿತು. ಆದ್ದರಿಂದ ಬೇರೆ ಕಡೆ ಕೊಡುತ್ತಿದ್ದೇನೆ. ಸರ್ ಹೆಸರು ಬರೆಯುವುದಿಲ್ಲ. ಹೆದರಿಕೆಯಿಂದ ಅಲ್ಲ. ಆ ಹೆಸರಿನ ಮೇಲೆ ಬೇಕಾದಷ್ಟು ಹಾರ ಬಿದ್ದಿವೆ, ಬೀಳಲಿವೆ. ನನ್ನದೂ ಒಂದು ಸೇರುವುದು ಬೇಡ.

ನಾನು ಯಾರು ಎಂಬುದನ್ನೂ ಹೇಳಿಬಿಡಬೇಕು. ನಮ್ಮಪ್ಪ ರಾವೂರಿನ ಖಣಿಯಲ್ಲಿ ಫರ್ಶಿ ಕಲ್ಲು ಎಬ್ಬಿಸುತ್ತಿದ್ದವರು. ನಿಮ್ಮ ಮನೆಯ ನೆಲಕ್ಕೆ ಹಾಸಿದ ನುಣುಪಾದ ಕಲ್ಲು ಭೂಮಿಯೊಳಗೆ ಪದರ ಪದರವಾಗಿ ಮಲಗಿರುತ್ತದೆ. ಅದನ್ನು ಒಡೆಯದ ಹಾಗೆ ಎಬ್ಬಿಸಬೇಕು. ಅಪ್ಪನಿಗೆ ಆ ಕೆಲಸ ಗೊತ್ತಿತ್ತು, ಓದು ಗೊತ್ತಿರಲಿಲ್ಲ. ಅವ್ವನಿಗೂ ಅಷ್ಟೇ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವಳು ನಾನೇ ಮೊದಲು. ವಾಡಿಯ ನಮ್ಮ ಓಣಿಯಲ್ಲಿ ಬಿ.ಎ. ಮಾಡಿದ ಮೊದಲ ಹೆಣ್ಣುಮಗಳೂ ನಾನೇ. ಈಗ ಸೇಡಂನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಇದನ್ನು ವಿನಯದಿಂದ ಹೇಳುವುದು ನನಗೆ ಬರುವುದಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ಸರ್ ಚಿತ್ತಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಕೊನೆಯ ವರ್ಷಕ್ಕೆ ಅಂತರರಾಷ್ಟ್ರೀಯ ಕಾನೂನು ಅವರದೇ ಪಾಠ. ಬಟ್ಟೆಯ ಮೇಲೆ ಅಚ್ಚು ಹಾಕಿದ ಜಗತ್ತಿನ ನಕಾಶೆಯನ್ನು ಜವಾನ ಹೆಗಲ ಮೇಲೆ ಹೊತ್ತು ಮುಂದೆ ಬರಬೇಕು, ಮೊಳೆಗೆ ತೂಗುಹಾಕಬೇಕು, ಹೋಗಬೇಕು. ಆಮೇಲೆ ಸರ್ ಬರುವುದು. ಬಂದವರು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ, ಅದೇ ಕರ್ಚೀಫನ್ನು ನಾಲ್ಕು ಮೂಲೆ ಕೂಡಿಸಿ ಮಡಚಿ, ಜೇಬಿಗಿಟ್ಟು, ನಕಾಶೆಯ ಕಡೆ ತಿರುಗುವರು. ಛತ್ರಿಯ ತುದಿಯಿಂದ ದೇಶಗಳನ್ನು ಚುಚ್ಚುತ್ತಿದ್ದರು. ದೊಡ್ಡ ದೇಶಗಳನ್ನು ಮೆಲ್ಲಗೆ, ಸಣ್ಣ ದೇಶಗಳನ್ನು ಜೋರಾಗಿ. ಅದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಆಫ್ರಿಕದ ಒಂದು ಭಾಗದಲ್ಲಿ ಬಟ್ಟೆ ಹರಿದು ತೂತಾಗಿತ್ತು.

ಪಾಠ ಚೆನ್ನಾಗಿ ಮಾಡುತ್ತಿದ್ದರು. ಅದನ್ನು ಹೇಳದಿದ್ದರೆ ನನ್ನ ತಿರಸ್ಕಾರಕ್ಕೆ ಬೆಲೆ ಇರುವುದಿಲ್ಲ. ಪಾಠ ಬಾರದ ಮನುಷ್ಯನನ್ನು ತಿರಸ್ಕರಿಸುವುದು ಏನು ದೊಡ್ಡ ಮಾತು!

"ಊರಾಗ ಕಾನೂನು ಮುರದ್ರ ಪೊಲೀಸ್ ಬರ್ತಾನ. ದೇಶ ಮುರದ್ರ ಯಾರು ಬರ್ತಾರ?" ಎಂದು ಶುರು ಮಾಡುವರು. "ಹೇಗ್‌ನಾಗ ಒಂದು ಕೋರ್ಟ್ ಅದ. ದೊಡ್ಡ ಕೋರ್ಟ್. ಆದ್ರ ಎರಡೂ ಕಡೀ ದೇಶದವರು ಒಪ್ಪಿದ್ರೇನ ಕೇಸ್ ನಡೀತದ. ಇಲ್ಲಿ ಚಿತ್ತಾಪುರ ಕೋರ್ಟಿನಾಗ ಕಳ್ಳನ್ನ ಕೇಳ್ತಾರೇನು, ‘ಏನಪಾ, ವಿಚಾರಣಿಗೆ ಬರ್ಲಿಕ್ಕ ನಿನಗ ಮನಸ್ಸದ ಏನು?’ ಅಂತ?"

ನಾವು ನಗುತ್ತಿದ್ದೆವು. ನಮ್ಮ ನಗು ನಿಲ್ಲುವವರೆಗೆ ಅವರು ಕಾಯುತ್ತಿದ್ದರು, ನಟರ ಹಾಗೆ.

ಒಂದು ದಿನ ಹಲಗೆಯ ಮೇಲೆ ಎರಡು ಸಾಲು ಎಳೆದರು. ಎಡಕ್ಕೆ ‘ನಾವು’, ಬಲಕ್ಕೆ ‘ಅವರು’. ನಮ್ಮ ಸೈನ್ಯ ಗಡಿ ದಾಟಿದರೆ ಆತ್ಮರಕ್ಷಣೆ, ಅವರ ಸೈನ್ಯ ದಾಟಿದರೆ ಆಕ್ರಮಣ. ನಮ್ಮ ಬಾಂಬಿಗೆ ಆಸ್ಪತ್ರೆ ಉರುಳಿದರೆ ವಿಷಾದನೀಯ ಅಚಾತುರ್ಯ, ಅವರ ಬಾಂಬಿಗೆ ಉರುಳಿದರೆ ಯುದ್ಧಾಪರಾಧ. ನಮ್ಮ ಗೆಳೆಯ ದೇಶ ಇನ್ನೊಬ್ಬರ ನೆಲ ನುಂಗಿದರೆ ಐತಿಹಾಸಿಕ ಹಕ್ಕು, ಅವರ ಗೆಳೆಯ ನುಂಗಿದರೆ ವಿಶ್ವಸಂಸ್ಥೆಯ ಸನ್ನದಿನ ಉಲ್ಲಂಘನೆ.

"ತಿಳೀತೇನ್ರಿ? ದೇಶಗಳು ಕಾನೂನು ಮುರಿಯಂಗಿಲ್ಲ. ಅಷ್ಟು ದಡ್ಡರಲ್ಲ ಅವರು. ಅರ್ಥ ಬದಲಿ ಮಾಡ್ತಾರ. ಮುರದಾಂವ ಸಿಕ್ಕೊಂತಾನ. ಅರ್ಥ ಹೇಳಾಂವ ಭಾಷಣ ಮಾಡ್ತಾನ."

ಈಗಲೂ ಟಿ.ವಿ. ನೋಡಿ ಬಂದ ಮಕ್ಕಳು ಶಾಲೆಯಲ್ಲಿ ನನ್ನನ್ನು ಕೇಳುತ್ತಾರೆ, "ಟೀಚರ್, ಅಷ್ಟು ಮಂದಿ ಸಾಯ್ಲಿಕತ್ತಾರ, ವಿಶ್ವಸಂಸ್ಥಿ ಯಾಕ ಸುಮ್ನ ಕುಂತದ?" ಐದು ದೇಶಗಳ ಕೈಯಲ್ಲಿ ಬೀಗ ಇದೆ, ಐವರಲ್ಲಿ ಒಬ್ಬರು ಬೇಡ ಎಂದರೂ ಭದ್ರತಾ ಮಂಡಳಿ ಬಾಯಿ ತೆರೆಯುವುದಿಲ್ಲ ಎಂದು ಹೇಳಿ, ಅವೇ ಎರಡು ಸಾಲು ಹಲಗೆಯ ಮೇಲೆ ಎಳೆಯುತ್ತೇನೆ. ಮಕ್ಕಳಿಗೆ ಬೇಗ ತಿಳಿಯುತ್ತದೆ. ಸೂಟು ತೊಟ್ಟ ವಕ್ತಾರರು ಹೆಣಗಳ ಲೆಕ್ಕದ ನಡುವೆ ‘ಅಂತರರಾಷ್ಟ್ರೀಯ ಕಾನೂನಿಗೆ ನಾವು ಬದ್ಧ’ ಎಂದು ಹೇಳುವುದನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಸರ್ ಮುಖ. ಅದೇ ಕರ್ಚೀಫು, ಅದೇ ನಾಲ್ಕು ಮಡಿಕೆ.

ಯಾಕೆಂದರೆ ಆ ಎರಡು ಸಾಲನ್ನು ಅವರು ನಮಗೆ ಕಲಿಸುತ್ತಿದ್ದುದು ಎಚ್ಚರಿಕೆಗೆಂದು ನಾವು ತಿಳಿದಿದ್ದೆವು. ಅವರು ಅದನ್ನು ಬಾಳುವ ರೀತಿ ಎಂದು ಕಲಿಸುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಫ್ಯಾನು ಒಂದೇ. ಅದರ ಕೆಳಗೆ ಗಾಳಿ ನೆಟ್ಟಗೆ ಬೀಳುವ ಕುರ್ಚಿಯೂ ಒಂದೇ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಆ ಕುರ್ಚಿಯ ಕಿಮ್ಮತ್ತು ಗೊತ್ತು. ಅದಕ್ಕಾಗಿ ಸರ್ ಮತ್ತು ಸಮಾಜಶಾಸ್ತ್ರದ ಸರ್ ನಡುವೆ ಒಪ್ಪಂದವಾಗಿತ್ತು: ಒಂದು ದಿನ ಇವರು, ಒಂದು ದಿನ ಅವರು. ಚಳಿಗಾಲ ಮುಗಿಯುವ ತನಕ ಒಪ್ಪಂದ ಚೆನ್ನಾಗಿ ನಡೆಯಿತು. ಬಿಸಿಲು ಏರಿದ ಕೂಡಲೇ ಸರ್ ದಿನವೂ ಅಲ್ಲೇ ಕೂರತೊಡಗಿದರು.

"ಇವತ್ತ ನನ್ನ ಪಾಳಿ ಅಲ್ಲೇನ್ರಿ?" ಎಂದು ಸಮಾಜಶಾಸ್ತ್ರದ ಸರ್ ಕೇಳಿದರಂತೆ.

"ಮೂಲಭೂತ ಪರಿಸ್ಥಿತಿ ಬದಲಾಗ್ಯದ್ರಿ. ಅಂಥಾ ಹೊತ್ತಿನಾಗ ಒಪ್ಪಂದ ತಾನ ಬಿದ್ದ ಹೋಗ್ತದ. ಇದು ಅಂತರರಾಷ್ಟ್ರೀಯ ಕಾನೂನಿನಾಗ ಮಾನ್ಯ ಅದ."

"ಏನು ಬದಲಾಗ್ಯದ್ರಿ?"

"ಬಿಸಿಲು."

ಮಳೆ ಬಂದು ತಂಪಾದ ಮೇಲೆ ಅವರೇ ಎದ್ದು, "ಬರ್ರಿ, ಕುಂದ್ರಿ, ಒಪ್ಪಂದ ಅಂದ್ರ ಒಪ್ಪಂದ, ಇವತ್ತ ನಿಮ್ಮ ಪಾಳಿ" ಎಂದು ಕುರ್ಚಿ ತೋರಿಸಿದರಂತೆ. ಜವಾನ ಇದನ್ನು ಹೇಳಿ ಹೇಳಿ ನಗುತ್ತಿದ್ದ. ಆಗ ನಾವೂ ನಕ್ಕೆವು. ಎಂಥ ರಸಿಕ ಮನುಷ್ಯ ಎಂದುಕೊಂಡೆವು.

ಅವರ ಮನೆಯ ಪಕ್ಕದಲ್ಲಿ ಒಬ್ಬ ಬಡಿಗ ಇದ್ದರು, ನನ್ನ ಗೆಳತಿ ನಸೀಮಾಳ ಸೋದರಮಾವ. ಸರ್ ತಮ್ಮ ಬೋರಿನ ಪೈಪನ್ನು ಹೇಳದೆ ಕೇಳದೆ ಬಡಿಗರ ಅಂಗಳದ ಮೇಲೆ ಹಾಯಿಸಿದ್ದರು. ಕೇಳಿದರೆ, "ಇದು ನಿರುಪದ್ರವಿ ಸಂಚಾರ. ಹಡಗು ಇನ್ನೊಂದು ದೇಶದ ಕಡಲಾಗ ತೊಂದರಿ ಮಾಡ್ಲಾರದ ಹಾದು ಹೋಗಬಹುದು. ನಿಮಗೇನು ತೊಂದರಿ ಆಗ್ಯದ?" ಎಂದರಂತೆ. ಒಂದು ದಿನ ಬಡಿಗರ ಆಡು ಸರ್ ಅಂಗಳಕ್ಕೆ ಬಂತು. ಸರ್ ಅದನ್ನು ಕಟ್ಟಿಹಾಕಿ, ಸಾರ್ವಭೌಮತ್ವದ ಉಲ್ಲಂಘನೆ ಎಂದು ಓಣಿಗೆ ಕೇಳುವ ಹಾಗೆ ಕೂಗಿದರು.

"ಸಾಹೇಬ್ರೆ, ನಿಮ್ಮ ಪೈಪಿಗಿ ಇದ್ದ ಹಕ್ಕು ನನ್ನ ಬಕ್ರಿಗಿ ಇಲ್ಲೇನ್ರಿ? ಅದೂ ಹಾದ ಹೊಂಟಿತ್ತು," ಎಂದು ಬಡಿಗರು ಕೇಳಿದರಂತೆ.

"ಅದು ನಿಂತು ಮೇಯ್ತು. ನಿಂತ್ರ ಸಂಚಾರ ಅಲ್ಲ."

ಇದನ್ನು ನಮಗೆ ಹೇಳುವಾಗ ನಸೀಮಾ ಮಾವನ ದನಿಯನ್ನೂ ಸರ್ ದನಿಯನ್ನೂ ಆಡಿನ ದನಿಯನ್ನೂ ಮಾಡಿ ತೋರಿಸುತ್ತಿದ್ದಳು. ವಾಡಿಯಿಂದ ಚಿತ್ತಾಪುರಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ದಿನಾ ಹೋಗುವವರು ನಾವು ಏಳು ಜನ ಒಂದೇ ತರಗತಿಯವರಿದ್ದೆವು. ಏಳರಲ್ಲಿ ಶಹಾಬಾದ ಕಡೆಯಿಂದ ಬರುವವರೂ ವಾಡಿಯಲ್ಲಿ ನಮ್ಮ ಡಬ್ಬಿಗೇ ಹತ್ತುವರು. ನಸೀಮಾಳ ಮಾತಿನಿಂದ ಆ ಹಾದಿ ಕಿರಿದಾಗುತ್ತಿತ್ತು.

ಆದರೆ ರೈಲು ವೇಳೆಗೆ ಬರುತ್ತಿರಲಿಲ್ಲ. ಸಿಮೆಂಟ್ ಹೊತ್ತ ಗೂಡ್ಸ್ ಗಾಡಿಗಳನ್ನು ಮುಂದೆ ಬಿಟ್ಟು ಆಮೇಲೆ ನಮ್ಮದನ್ನು ಬಿಡುವರು. ನಾವು ಓಡುತ್ತ ಕಾಲೇಜು ತಲುಪುವ ಹೊತ್ತಿಗೆ ಮೊದಲ ತಾಸಿನ ಹಾಜರಿ ಕೂಗಿ ಮುಗಿದಿರುತ್ತಿತ್ತು. ಮೊದಲ ತಾಸು ಯಾವಾಗಲೂ ಸರ್ ಅವರದೇ.

"ವಾಡಿ ಗಣರಾಜ್ಯದ ರಾಯಭಾರಿಗಳು ಬಂದ್ರು ನೋಡ್ರಿ," ಎಂದು ಅವರು ಬಾಗಿಲಲ್ಲಿ ನಿಂತ ನಮ್ಮನ್ನು ಸ್ವಾಗತಿಸುವರು. "ಏನ್ರಿ, ಇವತ್ತ ಯಾವ ಗೂಡ್ಸ್ ಗಾಡಿ ನಿಮ್ಮ ಮ್ಯಾಲ ವಿಟೋ ಹಾಕ್ತು?"

ನಮಗಾಗಿ ಒಂದು ವ್ಯವಸ್ಥೆ ಇತ್ತು. ಅದು ನಾವು ಸೇರುವ ಮೊದಲಿನಿಂದಲೂ ನಡೆದು ಬಂದದ್ದು. ಹಾಜರಿ ಪುಸ್ತಕದ ನಡುವೆ ಅರ್ಧ ಹಾಳೆ ಇಟ್ಟಿರುವರು. ರೈಲಿನವರು ಬಂದ ಕೂಡಲೇ ಅದರಲ್ಲಿ ಹೆಸರು ಬರೆದು ಸಹಿ ಮಾಡಬೇಕು. ತಿಂಗಳ ಕೊನೆಗೆ ಸರ್ ಆ ಹಾಳೆ ನೋಡಿ ಪುಸ್ತಕದಲ್ಲಿ ನಮ್ಮ ಹಾಜರಿ ತುಂಬುವರು. ಇಡೀ ಕಾಲೇಜು ಅದಕ್ಕೆ ರೈಲು ಹಾಜರಿ ಎನ್ನುತ್ತಿತ್ತು. ಎಲ್ಲೂ ಬರೆದ ನಿಯಮವಲ್ಲ. ಆದರೆ ಎರಡು ವರ್ಷ ನಾವು ಪರೀಕ್ಷೆಗೆ ಕೂತದ್ದು ಅದರ ಮೇಲೆಯೇ.

ಬರೆಯದ ರೂಢಿ ಹೇಗೆ ಕಾನೂನಾಗುತ್ತದೆ ಎಂಬ ಪಾಠ ಬಂದಾಗ ಸರ್ ಇದನ್ನೇ ಉದಾಹರಣೆ ಕೊಟ್ಟರು. ಟಿಪ್ಪಣಿ ಬರೆಸಿದರು. ನಾವು ಏಳು ಜನ ಹೆಮ್ಮೆಯಿಂದ ಬೀಗಿದೆವು. ಅಂತರರಾಷ್ಟ್ರೀಯ ಕಾನೂನಿನಲ್ಲಿ ನಮ್ಮ ಪ್ಯಾಸೆಂಜರ್ ಗಾಡಿಯೂ ಸೇರಿತಲ್ಲ!

ಕೊನೆಯ ಸೆಮಿಸ್ಟರಿನಲ್ಲಿ ಪರೀಕ್ಷೆಗೆ ಮೂರು ವಾರ ಇರುವಾಗ ನೋಟಿಸ್ ಬೋರ್ಡಿನ ಮೇಲೆ ಒಂದು ಪಟ್ಟಿ ಬಿತ್ತು. ಮುಕ್ಕಾಲು ಪಾಲು ಹಾಜರಿ ಇಲ್ಲದವರು, ಹಾಲ್ ಟಿಕೆಟ್ ಸಿಗದವರು. ಏಳು ಹೆಸರು. ಏಳೂ ರೈಲಿನವರು.

"ಏನಲೇ ಇದು, ಒಂದು ಡಬ್ಬಿ ಮಂದೀನ ಆರಿಸಿ ಹಾಕ್ಯಾರಲ್ಲ!" ಎಂದು ಸಿದ್ದು ಕೂಗಿದ.

"ಚೀರಬ್ಯಾಡ ಮಾರಾಯ," ಎಂದಳು ನಸೀಮಾ. "ಸರ್ ಅರ್ಧ ಹಾಳಿ ನೋಡೂದು ಮರ್ತಿರ್ತಾರ. ಹೋಗಿ ಹೇಳಿದ್ರ ಆಯ್ತು."

ಅಪ್ಪನ ಎದೆಯಲ್ಲಿ ಕಲ್ಲಿನ ಧೂಳು ಕೂತು ಎರಡು ವರ್ಷವಾಗಿತ್ತು. ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. "ಈ ವರ್ಷ ಮುಗಿಸಿಬಿಡವ್ವ, ಮುಂದಿನ ವರ್ಷ ನನ್ನ ಕೈಲೆ ಆಗಂಗಿಲ್ಲ" ಎಂದು ಹೇಳಿದ್ದರು. ಒಂದು ವರ್ಷ ತಡ ಎಂದರೆ ಬೇರೆಯವರಿಗೆ ಒಂದು ವರ್ಷ ತಡ. ನನಗೆ ಅದು ಪೂರಾ ಮುಗಿದ ಹಾಗೆ.

ಏಳೂ ಜನ ಸ್ಟಾಫ್ ರೂಮಿಗೆ ಹೋದೆವು. ಸರ್ ಫ್ಯಾನಿನ ಕೆಳಗೆ ಕೂತಿದ್ದರು. ಸಮಾಜಶಾಸ್ತ್ರದ ಸರ್ ಮೂಲೆಯಲ್ಲಿ ಪೇಪರ್ ಓದುತ್ತಿದ್ದರು.

"ಸರ್, ರೈಲು ಹಾಜರಿ ತುಂಬೂದು ಉಳದದ್ರಿ," ಎಂದೆ.

"ರೈಲು ಹಾಜರಿ? ಏನದು?"

ಹುಟ್ಟಿದಾಗಿನಿಂದ ಆ ಮಾತು ಕೇಳಿಲ್ಲದವರ ಹಾಗೆ ಕೇಳಿದರು. ನನಗೆ ಗಾಬರಿಯಾಯಿತು.

"ಅರ್ಧ ಹಾಳಿ ಸರ್. ದಿನಾ ಸಹಿ ಮಾಡ್ತಿದ್ವಲ್ರಿ."

"ಎಲ್ಲಿ ಅದ ಹಾಳಿ? ಯಾವ ನಿಯಮದಾಗ ಅದ? ವಿಶ್ವವಿದ್ಯಾಲಯದ ನಿಯಮದ ಪುಸ್ತಕ ತಗೊಂಡ ಬಾ. ಅರ್ಧ ಹಾಳಿ ಅಂತ ಎಲ್ಲಿ ಬರದಾರ, ಬೆರಳಿಟ್ಟು ತೋರಸು."

ನಾನು ನಿಯಮದ ಪುಸ್ತಕ ತರಲಿಲ್ಲ. ಚೀಲದಿಂದ ನನ್ನ ನೋಟ್‌ಬುಕ್ ತೆಗೆದೆ. ಅವರೇ ಬರೆಸಿದ ಟಿಪ್ಪಣಿಯನ್ನು ಅವರ ಮುಂದೆಯೇ ಓದಿದೆ: "ರೂಢಿಯು ಕಾನೂನಾಗಲು ಎರಡು ಅಂಶಗಳು ಬೇಕು. ಒಂದು, ಬಹುಕಾಲ ಒಂದೇ ರೀತಿ ನಡೆದುಕೊಂಡು ಬಂದಿರಬೇಕು. ಎರಡು, ಹಾಗೆ ನಡೆದುಕೊಳ್ಳುವುದು ತನ್ನ ಕರ್ತವ್ಯ ಎಂಬ ನಂಬಿಕೆಯಿಂದ ನಡೆದುಕೊಂಡಿರಬೇಕು. ಉದಾಹರಣೆ, ವಾಡಿ ಪ್ಯಾಸೆಂಜರಿನವರ ಹಾಜರಿ."

ಮೂಲೆಯಲ್ಲಿ ಪೇಪರಿನ ಹಿಂದೆ ಸಮಾಜಶಾಸ್ತ್ರದ ಸರ್ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಸರ್ ಕರ್ಚೀಫು ತೆಗೆದು ಮಡಚಿದರು. ಪೂರಾ ಮಡಚಿದ ಮೇಲೆ ಹೇಳಿದರು, "ಮೊದಲನೇ ಅಂಶ ಇತ್ತು. ಎರಡನೇದು ಇರಲಿಲ್ಲ. ನಾ ಅದನ್ನ ಕರ್ತವ್ಯ ಅಂತ ಮಾಡಿಲ್ಲ, ದಯಾ ಅಂತ ಮಾಡೀನಿ. ದಯಾ ನೂರು ವರ್ಷ ಮಾಡಿದ್ರೂ ಕಾನೂನು ಆಗೂದಿಲ್ಲ."

ಆ ಉತ್ತರದ ಸೊಬಗು ನೋಡಿರಿ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಬರುವಂಥದ್ದು. ಶಾಸ್ತ್ರದ ಪ್ರಕಾರ ಒಂದಕ್ಷರ ತಪ್ಪಿಲ್ಲ. ಏಳು ಮಕ್ಕಳ ವರ್ಷ ಹಾಳು ಮಾಡಲು ಆ ಮನುಷ್ಯ ಒಂದು ಸುಳ್ಳನ್ನೂ ಹೇಳಬೇಕಾಗಲಿಲ್ಲ.

"ಆ ಹಾಳಿ ಎಲ್ಲಿ ಹೋದ್ವು ಸರ್? ಅದನ್ನರ ಹೇಳ್ರಿ!" ಸಿದ್ದುವಿನ ದನಿ ಕಾರಿಡಾರಿನ ತುಂಬ ಕೇಳಿತು.

"ದನಿ ಇಳಸು. ಇದು ವಾಡಿ ಪ್ಲಾಟ್‌ಫಾರ್ಮ್ ಅಲ್ಲ."

ಹಾಳೆಗಳ ಸುದ್ದಿ ಜವಾನನಿಂದ ತಿಳಿಯಿತು. ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಸರ್ ಆ ವರ್ಷ ಉಪಪ್ರಾಂಶುಪಾಲರಾಗುವ ಸಾಲಿನಲ್ಲಿ ನಿಂತಿದ್ದರು. ಹಾಜರಿ ಪುಸ್ತಕದ ನಡುವೆ ಇಂಥ ಹಾಳೆಗಳು ಸಿಕ್ಕರೆ ಯಾಕೆ ಏನು ಎಂದು ಕೇಳುತ್ತಾರೆ. ಐದು ತಿಂಗಳಿಂದ ತುಂಬದೇ ಉಳಿಸಿದ್ದ ಹಾಜರಿಯನ್ನು ಒಂದೇ ಶಾಯಿಯಲ್ಲಿ ತುಂಬಿದರೆ ಅದೂ ಕಾಣುತ್ತದೆ.

"ಹರದು ನನ್ನ ಕೈಯಾಗ ಕೊಟ್ರವ್ವ," ಎಂದ ಜವಾನ. "ಕಸದಾಗ ಹಾಕಿ ಬೆಂಕಿ ಹಚ್ಚು ಅಂದ್ರು. ಹಚ್ಚೀನಿ. ನಿಮ್ಮ ಸಹಿ ಅವ ಅಂತ ನನಗೇನು ಗೊತ್ತು?"

ಸೋಮಾರಿತನ, ಆಮೇಲೆ ಹೆದರಿಕೆ, ಆಮೇಲೆ ಕಾನೂನು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿರಿ. ದೊಡ್ಡ ದೇಶಗಳ ದೊಡ್ಡ ದೊಡ್ಡ ಹೇಳಿಕೆಗಳ ಹಿಂದೆ ಹುಡುಕಿದರೂ ಇದೇ ಸಿಗುತ್ತದೆ ಎಂದು ನನ್ನ ಗುಮಾನಿ. ಮೊದಲು ತಮಗೆ ಬೇಕಾದದ್ದು ಮಾಡುತ್ತಾರೆ, ಆಮೇಲೆ ವಕೀಲರನ್ನು ಕರೆಸಿ ಅದಕ್ಕೊಂದು ಕಲಮು ಹುಡುಕಿಸುತ್ತಾರೆ.

ಎರಡು ದಿನ ನಾನು ಊಟ ಮಾಡಲಿಲ್ಲ. ಅಪ್ಪನಿಗೆ ಹೇಳಲಿಲ್ಲ. ಮೂರನೆಯ ದಿನ ಒಂದು ವಿಷಯ ಹೊಳೆಯಿತು. ಆಡಳಿತ ಮಂಡಳಿಯ ಅಧ್ಯಕ್ಷರ ತಮ್ಮನ ಮಗ ನಮ್ಮದೇ ತರಗತಿಯಲ್ಲಿದ್ದ, ಹನ್ನೊಂದನೆಯ ನಂಬರು. ಆ ಸೆಮಿಸ್ಟರಿನಲ್ಲಿ ಅವನು ಹೆಚ್ಚೆಂದರೆ ಹತ್ತು ಸಲ ಬಂದಿರಬಹುದು, ಅದೂ ಬುಲೆಟ್ ಗಾಡಿ ತೋರಿಸಲು. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಉಳಿದವರಿಗೆ ಹೇಳದೆ ಒಬ್ಬಳೇ ಹೋದೆ. ಮಧ್ಯಾಹ್ನದ ಹೊತ್ತು, ಸ್ಟಾಫ್ ರೂಮಿನಲ್ಲಿ ಸರ್ ಒಬ್ಬರೇ ಇದ್ದರು.

"ಸರ್, ನಮ್ಮ ಏಳು ಹೆಸರು ಇರ್ಲಿ ಬಿಡ್ರಿ. ನಾವು ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡ್ತೀವಿ. ಹಾಜರಿ ಪುಸ್ತಕ ಎಲ್ಲಾರ ಮುಂದ ಓದಸ್ರಿ ಅಂತ. ಒಂದನೇ ನಂಬರಿನಿಂದ, ಒಬ್ಬೊಬ್ಬರದು."

ಅವರು ನನ್ನನ್ನು ನೋಡಿದರು. ಆಮೇಲೆ ನಕ್ಕರು. ಎಂಥ ತೃಪ್ತಿಯ ನಗು ಅದು!

"ಕುಂದ್ರು," ಎಂದರು.

ಮೂರು ವರ್ಷದಲ್ಲಿ ಅವರು ವಿದ್ಯಾರ್ಥಿಗೆ ಕುಂದ್ರು ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಕೂತೆ.

"ಈಗ ನೀ ಪಾಠ ಕಲ್ತಿ ನೋಡು. ಮೊನ್ನಿ ನನಗ ಕಾನೂನು ತೋರಿಸಿದಿ. ನಾ ಬಗ್ಗಿದ್ನೇನು? ಇಲ್ಲ. ಇವತ್ತ ನನಗ ನನ್ನ ನುಕಸಾನ ತೋರಿಸಿದಿ. ದೇಶಗಳು ಬಗ್ಗೂದು ಇದಕ್ಕ. ‘ನೀ ಇವತ್ತ ನನಗ ಹಚ್ಚೂ ಕಾನೂನು ನಾಳಿ ನಿನ್ನ ಮಂದಿಗೂ ಹತ್ತತದ’ ಅಂತ ತಿಳದಾಗ ಅಷ್ಟ."

ಅವರು ಕಪಾಟಿನಿಂದ ಒಂದು ಹಾಳೆ ತೆಗೆದರು. ಚಿಂಚೋಳಿ ಕಡೆಯ ಹಳ್ಳಿಯೊಂದರಲ್ಲಿ ನಡೆದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಪಟ್ಟಿ. ಶಿಬಿರಕ್ಕೆ ಹೋದವರಿಗೆ ಅಷ್ಟು ದಿನಗಳ ಹಾಜರಿ ಸಿಗುತ್ತದೆ. ನಾವು ಯಾರೂ ಹೋಗಿರಲಿಲ್ಲ, ಆದರೆ ಉಳಿದ ತಾಸುಗಳ ಹಾಜರಿಗೆ ಅಷ್ಟು ಕೂಡಿದರೆ ನಮಗೆ ಸಾಕು. ಪಟ್ಟಿಯ ಕೊನೆಗೆ ಪ್ರಾಂಶುಪಾಲರ ಸಹಿ ಆಗಿತ್ತು. ಸಹಿಯ ಮೇಲೆ ಖಾಲಿ ಸಾಲುಗಳಿದ್ದವು.

"ಐದು ಸಾಲು ಅವ," ಎಂದರು.

"ನಾವು ಏಳು ಮಂದಿ ಸರ್."

"ಗೊತ್ತದ. ಸಾಲು ಐದು ಅವ."

"ನಡುವ ಎಲ್ಲೆರ ಕೂಡಸ್ರಿ."

"ಕೂಡಸಿದ್ರ ನೀನೂ ಮುಳಗ್ತಿ, ನಾನೂ ಮುಳಗ್ತೀನಿ. ಐದು. ಅದರ ಬದಲಿ ಹನ್ನೊಂದನೇ ನಂಬರಿನ ಮಾತು ಈ ಖೋಲಿ ದಾಟಬಾರದು."

ಏಳು ಹೆಸರನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಮುಂದೆ ಸರಿಸಿದರು. ಅದರ ಮೇಲೆ ಪೆನ್ಸಿಲ್ ಇಟ್ಟರು.

"ನೀನ ಗುರುತು ಮಾಡು. ನಿಮ್ಮ ಮಂದಿ ನಿನಗ ಗೊತ್ತು. ನಾ ಹೊರಗಿನಾಂವ, ನಾ ಯಾಕ ಕೈ ಹಾಕ್ಲಿ?"

ಪಾಠದಲ್ಲಿ ಕೇಳಿದ್ದೆ. ದೂರದ ಯಾವುದೋ ಅರಮನೆಯಲ್ಲಿ ಇಬ್ಬರೋ ಮೂವರೋ ಕೂತು, ಅಲ್ಲಿಲ್ಲದ ಜನರ ನೆಲದ ಮೇಲೆ ಗೆರೆ ಎಳೆದರು ಎಂದು. ಆಗ ನನಗೆ ಹೊಟ್ಟೆ ಉರಿದಿತ್ತು. ಇಂಥ ಮಂದಿಗೆ ಕೈ ಹ್ಯಾಗೆ ಬರುತ್ತದೆ ಎಂದು ನಸೀಮಾಳನ್ನು ಕೇಳಿದ್ದೆ.

ಸುಲಭವಾಗಿ ಬರುತ್ತದೆ. ಮೊದಲು ನನ್ನ ಹೆಸರಿಗೆ ಗುರುತು ಹಾಕಿದೆ. ಶಹಾಬಾದ ಕಡೆಯ ಹುಡುಗನೊಬ್ಬನಿಗೆ ಹಿಂದಿನ ಸೆಮಿಸ್ಟರುಗಳ ನಾಲ್ಕು ಪೇಪರ್ ಉಳಿದಿದ್ದವು, ಹೇಗೂ ಈ ವರ್ಷ ಡಿಗ್ರಿ ಮುಗಿಯುವುದಿಲ್ಲ. ಅವನ ಹೆಸರು ಹೊಡೆದೆ. ಇನ್ನೊಂದು ಹೆಸರು ಹೊಡೆಯಬೇಕು. ಉಳಿದವರಲ್ಲಿ ಮೂವರು ನನ್ನ ಹಾಗೇ ಕೂಲಿಯವರ ಮಕ್ಕಳು, ಅವರನ್ನು ಬಿಟ್ಟು ನೋಡಿದೆ. ಕೊನೆಗೆ ಸಿದ್ದು, ನಸೀಮಾ ಇಬ್ಬರು ಉಳಿದರು.

ಸಿದ್ದುವಿನ ಹೆಸರು ಹೊಡೆದರೆ ಅವನು ಸುಮ್ಮನಿರುವವನಲ್ಲ. ಕಾಲೇಜು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ, ಯಾಕೆ ಏನು ಎಂದು ಕೆದಕುತ್ತಾನೆ, ಐದೂ ಸಾಲು ನೀರಿಗೆ ಹೋಗುತ್ತವೆ. ನಸೀಮಾ ಗದ್ದಲ ಮಾಡುವವಳಲ್ಲ. ನನಗೆ ನಾನು ಹೇಳಿಕೊಂಡ ಕಾರಣ ಮಾತ್ರ ಬೇರೆ. ಅವಳ ನಿಕಾಹ್ ಮಾತು ನಡೆದಿದೆ, ಹುಡುಗ ಶಹಾಬಾದದವನು, ಡಿಗ್ರಿ ತಗೊಂಡು ಅವಳು ಏನು ಮಾಡುವುದಿದೆ ಎಂದು ಹೇಳಿಕೊಂಡೆ. ಆ ಮಾತನ್ನು ನನ್ನ ಬಗ್ಗೆ ನಮ್ಮ ಓಣಿಯ ಮಂದಿ ಹೇಳಿದಾಗ ಅವರ ಜೊತೆ ಜಗಳ ಕಿತ್ತವಳು ನಾನು.

ಹೊಡೆದೆ.

ಸರ್ ಚೀಟಿ ತಗೊಂಡು ನೋಡಿದರು. "ಶಾಣ್ಯಾ ಇದ್ದಿ," ಎಂದರು. ಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದೂ ಅದೇ ಮೊದಲು. "ಹೊರಗ ಹೋಗಿ ಏನಂತ ಹೇಳ್ತಿ?"

"ಸರ್ ಕಷ್ಟಪಟ್ಟು ಐದು ಮಂದೀನ ಉಳಿಸಿದ್ರು ಅಂತ."

"ಹಾಂ. ಎರಡೂ ಕಡೀ ಒಪ್ಪಿದ ಹೇಳಿಕಿ ಅಂದ್ರ ಹಿಂಗಿರಬೇಕು."

ಈ ಹೇಳಿಕೆ ಇಷ್ಟು ವರ್ಷ ಬಾಳಿದೆ. ಮರುವರ್ಷದ ತರಗತಿಯಲ್ಲಿ ಸರ್ ಇದನ್ನೇ ಮಾನವೀಯ ಮಧ್ಯಪ್ರವೇಶದ ಪಾಠಕ್ಕೆ ಉದಾಹರಣೆ ಕೊಟ್ಟರೆಂದು ಕೇಳಿದೆ. ಈಗ ಸಿದ್ದು ಕಳಿಸಿದ ಆಮಂತ್ರಣ ಪತ್ರಿಕೆಯಲ್ಲಿ ಅವರಿಗೆ ‘ರೈಲಿನ ಬಡಮಕ್ಕಳ ಆಪದ್ಬಾಂಧವ’ ಎಂದು ಅಚ್ಚಾಗಿದೆ. ಕಿಚ್ಚು ಹಚ್ಚಿದವನಿಗೇ ನೀರಿನ ಕೊಡ ಕೊಟ್ಟು ಫೋಟೋ ತೆಗೆಯುವ ಪದ್ಧತಿ ದೇಶಗಳಲ್ಲಷ್ಟೇ ಅಲ್ಲ, ನಮ್ಮ ತಾಲೂಕಿನಲ್ಲೂ ಇದೆ. ಉಪಪ್ರಾಂಶುಪಾಲರಾದರು, ಆಮೇಲೆ ಪ್ರಾಂಶುಪಾಲರೂ ಆದರು. ಹನ್ನೊಂದನೆಯ ನಂಬರು ಈಗ ಆಡಳಿತ ಮಂಡಳಿಯಲ್ಲಿದ್ದಾನೆ. ಸನ್ಮಾನ ಅವನ ಕೈಯಿಂದಲೇ.

ಆ ದಿನ ಹೊಸ ಪಟ್ಟಿ ಸಂಜೆಯ ಹೊತ್ತಿಗೆ ಬೋರ್ಡಿಗೆ ಬಿತ್ತು. ವಾಡಿಗೆ ಹೋಗುವ ಗಾಡಿಯಲ್ಲಿ ಸಿದ್ದು ಮತ್ತು ಉಳಿದವರು ಬಾಗಿಲಲ್ಲಿ ನಿಂತು ಹಾಡುತ್ತಿದ್ದರು. ಶಹಾಬಾದ ಕಡೆಯ ಹುಡುಗ ಬೇರೆ ಡಬ್ಬಿಗೆ ಹೋಗಿದ್ದ. ನಸೀಮಾ ನನ್ನ ಎದುರಿಗೆ ಕೂತು ಕಾಗದದ ಪೊಟ್ಟಣದಲ್ಲಿದ್ದ ಹುರಿದ ಶೇಂಗಾ ಸುಲಿಯುತ್ತಿದ್ದಳು. ಸುಲಿದ ಕಾಳುಗಳನ್ನು ತಾನು ತಿನ್ನದೆ ನನ್ನ ಕೈಗೆ ಹಾಕುತ್ತಿದ್ದಳು.

"ನೀ ಹೋಗಿದ್ದಿ ಅಂತ ಜವಾನ ಹೇಳಿದ," ಎಂದಳು. "ನನ್ನ ಹೆಸರು ಯಾರು ಬಿಟ್ರು?"

"ಸರ್."

"ಯಾಕಂತ?"

"ಐದ ಸಾಲು ಇದ್ವಂತ."

ಅವಳು ಕಿಟಕಿಯಾಚೆ ನೋಡಿದಳು. "ಛೋಡ್, ಹೋಗ್ಲಿ. ನಿಂದಾತಲ್ಲ. ನಿಮ್ಮಪ್ಪಗ ಹೇಳು ಲಗೂನ, ಖುಷಿ ಆಗ್ತಾರ," ಎಂದಳು. ಮತ್ತೆ ನಾಲ್ಕು ಕಾಳು ನನ್ನ ಕೈಗೆ ಹಾಕಿದಳು. ನಾನು ತಿಂದೆ.

ಮರುವರ್ಷ ಅವಳು ಪರೀಕ್ಷೆಗೆ ಕಟ್ಟಲಿಲ್ಲ. ನಿಕಾಹ್ ಆಯಿತು. ಈಗ ಶಹಾಬಾದದಲ್ಲಿ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಅಂಗನವಾಡಿ ಮೇಲ್ವಿಚಾರಕಿಯ ಹುದ್ದೆಗೆ ಡಿಗ್ರಿ ಬೇಕಿತ್ತು, ಅರ್ಜಿ ಹಾಕಲಾಗಲಿಲ್ಲ. ಯಾವ ಫಾರಂ ತುಂಬಿದರೂ ವಿದ್ಯಾರ್ಹತೆ ಎಂಬಲ್ಲಿ ಪಿ.ಯು.ಸಿ. ಎಂದೇ ಬರೆಯುತ್ತಾಳೆ. ರೈಲಿನಲ್ಲಿ ಓಡಾಡಿದ ಆ ಮೂರು ವರ್ಷ ಬರೆಯಲು ಯಾವ ಫಾರಮಿನಲ್ಲೂ ಜಾಗವಿಲ್ಲ.

ನಾನು ಹಬ್ಬಕ್ಕೊಮ್ಮೆ ಅವಳ ಮನೆಗೆ ಹೋಗುತ್ತೇನೆ. ಸರ್ ಮಾತು ಬಂದರೆ ಅವಳು ಇವತ್ತಿಗೂ ಬಾಯಿ ತುಂಬ ಬೈಯುತ್ತಾಳೆ. ನಾನೂ ಕೂಡಿ ಬೈಯುತ್ತೇನೆ, ಅವಳಿಗಿಂತ ಜೋರಾಗಿ.

ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ನಸೀಮಾ ಕನ್ನಡವನ್ನು ನನಗಿಂತ ಚೆನ್ನಾಗಿ ಓದುತ್ತಾಳೆ.